ಡಿಫಾಲ್ಟು ದೇವರು ಕೊಟ್ಟದ್ದಲ್ಲ

ಅಜ್ಜಿಗೆ 82 ತುಂಬಿದ ವರ್ಷ ಮನೆಯಲ್ಲಿ ಸಹಸ್ರ ಚಂದ್ರ ದರ್ಶನ ಶಾಂತಿ ಇಟ್ಟುಕೊಂಡಿದ್ದೆವು. ಹೋಮ ಮುಗಿದು ಎಲೆ ಹಾಕುವ ಮೊದಲು ಛತ್ರದ ಹಾಲಿನಲ್ಲಿ ಹತ್ತು ನಿಮಿಷದ ಒಂದು ವಿಡಿಯೊ ತೋರಿಸಬೇಕೆಂದು ಸೋದರಮಾವನ ಆಸೆ. ಎಡಿಟಿಂಗ್ ನನ್ನ ಹೊಟ್ಟೆಪಾಡು, ಹಾಗಾಗಿ ಕೆಲಸ ನನಗೇ ಬಂತು. ವಿಡಿಯೊದ ಕೊನೆಗೆ ಅಜ್ಜಿಯ ಮದುವೆ ಕಾಲದ ಒಂದು ಕಪ್ಪುಬಿಳುಪು ಫೋಟೊ. ಸ್ಟುಡಿಯೊದಲ್ಲಿ ಒಬ್ಬಳೇ ಕೂತು ತೆಗೆಸಿಕೊಂಡದ್ದು, ಮೂಗಿನಲ್ಲಿ ಏಳು ಹರಳಿನ ಮೂಗುಬೊಟ್ಟು. ಮೊದಲು ಇಡೀ ಫೋಟೊ ಕಂಡು, ನಿಧಾನಕ್ಕೆ ಮುಖದ ಹತ್ತಿರ ಸರಿದು, ಮೂಗುಬೊಟ್ಟು ಹೊಳೆಯುವ ಹೊತ್ತಿಗೆ ಹಾಡು ನಿಲ್ಲಬೇಕು ಅಂತ ನನ್ನ ಲೆಕ್ಕ. ಹಾಡೇನೋ ಸರಿಯಾಗಿ ನಿಂತಿತು. ಮೂಗುಬೊಟ್ಟಿನ ಜಾಗದಲ್ಲಿ ಮಾತ್ರ ಸುಣ್ಣದ ಬೆರಳು ಒರೆಸಿದ ಹಾಗೆ ಒಂದು ಬಿಳಿ ಮಚ್ಚೆ ಕೂತಿತ್ತು.

"ಹಳೇ ಫೋಟೊ ಅಲ್ವೇನೋ, ಅಷ್ಟೇ ಬರೋದು" ಎಂದು ಅತ್ತೆ ಸಮಾಧಾನ ಹೇಳಿದರು. ಮಾವ ಪ್ರೊಜೆಕ್ಟರಿನವನನ್ನು ದುರುಗುಟ್ಟಿ ನೋಡಿದರು. ಅವನು "ಸೋರ್ಸೇ ವೀಕು ಸಾರ್" ಎಂದು ನನ್ನ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದ. ನಾನು ಮನಸ್ಸಿನಲ್ಲೇ ಸ್ಕ್ಯಾನರಿಗೆ ಬೈದೆ. ನಾಲ್ಕು ಜನ, ನಾಲ್ಕು ಆರೋಪಿಗಳು. ನಿಜವಾಗಿ ತಪ್ಪು ಮಾಡಿದ್ದರ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಅಂಥದೊಂದು ಅಲ್ಲಿದೆ ಎಂದು ಗೊತ್ತಿದ್ದರಲ್ಲವೆ ಬರುವುದು?

ಮಾರನೆಯ ದಿನ ಕೂತು ಲೆಕ್ಕ ಹಾಕಿದೆ. ಫೋಟೊ ನಾಲ್ಕು ಇಂಚು ಅಗಲ, ಆರು ಇಂಚು ಎತ್ತರ. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿದ್ದೆ. ಅಂದರೆ ಅಡ್ಡಕ್ಕೆ 2400 ಪಿಕ್ಸೆಲ್, ಉದ್ದಕ್ಕೆ 3600; ಒಟ್ಟು 86.4 ಲಕ್ಷ. ಟೈಮ್‌ಲೈನಿನ ಚೌಕಟ್ಟು 1920ಕ್ಕೆ 1080. ಫೋಟೊದ ಇಡೀ ಅಗಲವನ್ನು ಪರದೆ ತುಂಬ ಹರಡಿದರೂ 1920 ಸಾಕು, ನನ್ನ ಹತ್ತಿರ 2400 ಇತ್ತು. ಸ್ಕ್ಯಾನರ್ ಪಾಪ ತನ್ನ ಕೆಲಸ ಮಾಡಿತ್ತು. ಆದರೆ ಫೋಟೊವನ್ನು ಟೈಮ್‌ಲೈನಿಗೆ ಎಳೆದು ಹಾಕಿದ ಕ್ಷಣದಲ್ಲೇ ಅದು ಚೌಕಟ್ಟಿನೊಳಗೆ ಪೂರ್ತಿ ಕಾಣಲಿ ಎಂದು ತಂತ್ರಾಂಶದ ಒಂದು ಡಿಫಾಲ್ಟ್ ಸೆಟ್ಟಿಂಗ್ ಅದನ್ನು 720ಕ್ಕೆ 1080ರ ಅಳತೆಗೆ ಕುಗ್ಗಿಸಿತ್ತು. ಕುಗ್ಗಿಸಿದ್ದು ತೋರಿಕೆಗಾದರೆ ಚಿಂತೆಯಿರಲಿಲ್ಲ. ಅಲ್ಲಿಂದ ಮುಂದೆ ನಾನು ಮಾಡಿದ ಜೂಮ್ ಎಲ್ಲ ನಡೆದದ್ದು ಆ ಕುಗ್ಗಿದ ಪ್ರತಿಯ ಮೇಲೆ. 86.4 ಲಕ್ಷದಲ್ಲಿ ಉಳಿದದ್ದು 7.8 ಲಕ್ಷ ಪಿಕ್ಸೆಲ್, ಹನ್ನೊಂದರಲ್ಲಿ ಒಂದು ಪಾಲು. ಮೂಲ ಫೋಟೊ ಡಿಸ್ಕಿನಲ್ಲಿ ತಣ್ಣಗೆ ಕೂತೇ ಇತ್ತು, ತಂತ್ರಾಂಶ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಯಾವ ತಂತ್ರಾಂಶ ಎಂದು ಹೇಳುವುದಿಲ್ಲ. ಹೇಳಿದರೆ ಓದುಗರು ಅದೊಂದನ್ನು ಬೈದು, ತಾವು ಬಳಸುವುದು ಬೇರೆಯದಲ್ಲವೆ ಎಂದು ನೆಮ್ಮದಿಯಾಗಿಬಿಡುತ್ತಾರೆ.

ನಮ್ಮ ಕಸುಬಿನಲ್ಲಿ ಒಂದು ನಂಬಿಕೆ ಬೇರು ಬಿಟ್ಟಿದೆ. ಡಿಫಾಲ್ಟ್ ಅಂದರೆ ಕಂಪನಿಯವರು ಕೂತು ಯೋಚಿಸಿ ಇಟ್ಟದ್ದು, ನೀನು ಕೈ ಹಾಕಬೇಡ. ಕ್ಲಾರಿಟಿ ಬೇಕೇ, ಒಳ್ಳೆ ಕ್ಯಾಮೆರಾ ತಗೋ. ಅದೂ ಇದ್ದು ಬರಲಿಲ್ಲವೇ, ಹೊಸ ಕಂಪ್ಯೂಟರ್ ತಗೋ. ಎಲ್ಲ ಇದ್ದೂ ಬರಲಿಲ್ಲವೇ, ನಿನಗೆ ಕೆಲಸ ಬರುವುದಿಲ್ಲ. ಕೆಲಸ ಕಲಿಯಲು ಬಂದ ಹುಡುಗನಿಗೆ ಸ್ಟುಡಿಯೊ ಮಾಲೀಕ ಹೇಳುವುದೂ ಇದನ್ನೇ, ಕ್ಯಾಮೆರಾ ಅಂಗಡಿಯವನು ಹೇಳುವುದೂ ಇದನ್ನೇ; ಅಂಗಡಿಯವನಿಗಾದರೂ ಒಂದು ಕಾರಣವಿದೆ. ಮೂರು ಮಾತಿನಲ್ಲೂ ತಂತ್ರಾಂಶ ಕಟಕಟೆಗೆ ಬರುವುದೇ ಇಲ್ಲ ಎಂಬುದನ್ನು ಗಮನಿಸಿ. ಡಿಫಾಲ್ಟ್ ಎಂಬ ಶಬ್ದ ನಮ್ಮ ಕಡೆ ಬ್ಯಾಂಕಿನ ನೋಟಿಸಿನಲ್ಲೂ ಬರುತ್ತದೆ: ಡಿಫಾಲ್ಟರ್ ಅಂದರೆ ಸುಸ್ತಿದಾರ, ಕೊಡಬೇಕಾದ್ದನ್ನು ಕೊಡದವನು. ನನಗೆ ಈಗೀಗ ಆ ಅರ್ಥವೇ ಸರಿ ಅನ್ನಿಸುತ್ತದೆ.

ಕಂಪನಿಯವರು ಯೋಚಿಸಿಲ್ಲ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿಯೇ ಯೋಚಿಸಿದ್ದಾರೆ. ಯಾರ ಸಲುವಾಗಿ ಎಂಬುದು ಪ್ರಶ್ನೆ. ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಂಡವನು ಮೊದಲ ಅರ್ಧ ಗಂಟೆಯಲ್ಲಿ ಏನು ನೋಡುತ್ತಾನೆ? ಪ್ಲೇ ಒತ್ತಿದರೆ ಓಡುತ್ತದೆಯೋ ಇಲ್ಲವೋ. ಚಿತ್ರ ಮುಗ್ಗರಿಸಿದರೆ, ತಡೆತಡೆದು ಓಡಿದರೆ "ದರಿದ್ರ ಸಾಫ್ಟ್‌ವೇರ್" ಎಂಬ ಬೈಗುಳ ನೆಟ್ಟಗೆ ತಂತ್ರಾಂಶಕ್ಕೆ ಬೀಳುತ್ತದೆ. ಅದೇ ಚಿತ್ರ ಎರಡು ವಾರ ಬಿಟ್ಟು ಛತ್ರದ ಪರದೆಯ ಮೇಲೆ ಮಸುಕಾಗಿ ಕಂಡರೆ? ಬೈಗುಳ ಕ್ಯಾಮೆರಾಕ್ಕೆ, ಪ್ರೊಜೆಕ್ಟರಿಗೆ, ಹಳೇ ಫೋಟೊಕ್ಕೆ. ನಿಧಾನದ ಕೆಟ್ಟ ಹೆಸರು ತನಗೆ, ಮಸುಕಿನ ಕೆಟ್ಟ ಹೆಸರು ಇನ್ಯಾರಿಗೋ. ಹೀಗಿರುವಾಗ ಯಾವ ಕಂಪನಿ ತಾನಾಗಿ ಗುಣಮಟ್ಟದ ಕಡೆ ಕಡ್ಡಿ ತಿರುಗಿಸುತ್ತದೆ? ಡಿಫಾಲ್ಟುಗಳೆಲ್ಲ ವೇಗದ ಕಡೆಗೇ ವಾಲುವುದಕ್ಕೆ ಇದಕ್ಕಿಂತ ದೊಡ್ಡ ಗುಟ್ಟು ಬೇಕಿಲ್ಲ.

ಎಡಿಟ್ ಮಾಡುವಾಗ ಕಿಟಕಿಯಲ್ಲಿ ಕಾಣುವ ಚಿತ್ರ ಅರ್ಧ, ಕಾಲು ರೆಸಲ್ಯೂಷನ್ನಿನಲ್ಲಿ ಓಡಲಿ, ನನ್ನದೇನೂ ತಕರಾರಿಲ್ಲ. ಕರಡು ಬರೆಯುವಾಗ ಯಾರೂ ಮುತ್ತಿನಂಥ ಅಕ್ಷರ ಕೇಳುವುದಿಲ್ಲ. ಸಿಟ್ಟು ಬರುವುದು ಕರಡಿನ ಮಿತವ್ಯಯ ಕೊನೆಯ ಪ್ರತಿಗೂ ಹರಿದು ಬಂದಾಗ. ಎಕ್ಸ್‌ಪೋರ್ಟ್ ಒತ್ತಿದವನು ಕಾಯಲು ಒಪ್ಪಿಯೇ ಒತ್ತಿದ್ದಾನೆ. ಎದ್ದು ಹೋಗಿ ಟೀ ಕುಡಿದು ಬರುತ್ತಾನೆ, ಬೇಕಾದರೆ ರಾತ್ರಿಯೆಲ್ಲ ಓಡಲಿ ಎಂದು ಮಲಗುತ್ತಾನೆ. ಅಲ್ಲಿ ಯಾರ ಸಮಯ ಉಳಿಸುವ ಅವಸರ? ವೇಗಾಸ್ ಪ್ರೊ ತಂತ್ರಾಂಶದ ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ಪೂರ್ಣ ರೆಂಡರಿಂಗಿನ, ಅಂದರೆ ಕೊನೆಯ ಪ್ರತಿ ತೆಗೆಯುವ ಕೆಲಸದ, ಗುಣಮಟ್ಟಕ್ಕೆ ಒಂದು ಏಣಿ ಇದೆ: ಡ್ರಾಫ್ಟ್, ಪ್ರಿವ್ಯೂ, ಗುಡ್, ಬೆಸ್ಟ್. ಬಹುಕಾಲ ಅದು ಡಿಫಾಲ್ಟಾಗಿ ನಿಂತಿದ್ದದ್ದು 'ಗುಡ್' ಮೆಟ್ಟಿಲ ಮೇಲೆ. ದೊಡ್ಡ ಫೋಟೊಗಳನ್ನು ಕುಗ್ಗಿಸುವ ಹಿಗ್ಗಿಸುವ ಕೆಲಸವಿದ್ದರೆ 'ಬೆಸ್ಟ್' ಬೇಕೆಂದು ಅದರ ಕೈಪಿಡಿಯೇ ಹೇಳುತ್ತದೆ. 'ಗುಡ್' ಬಳಸುವ ಗಣಿತ ಅದಕ್ಕಿಂತ ಅಗ್ಗದ್ದು. ಮದುವೆ ವಿಡಿಯೊ ಎಂದರೆ ಅರ್ಧಕ್ಕರ್ಧ ಫೋಟೊ. ಆದರೆ 'ಗುಡ್' ಎಂದು ಬರೆದಿರುವುದನ್ನು ನೋಡಿ ಇದು ಸಾಲದು ಎಂದುಕೊಳ್ಳುವ ಮನುಷ್ಯ ಯಾರು? ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ತಂತ್ರಾಂಶದ ಡೆಲಿವರ್ ಪುಟದಲ್ಲಿ, ಅಡ್ವಾನ್ಸ್‌ಡ್ ಎಂಬ ಮಡಿಕೆ ಬಿಚ್ಚಿದರೆ, ಅಳತೆ ಬದಲಿಸುವಾಗ ಅತ್ಯುತ್ತಮ ಗುಣಮಟ್ಟವನ್ನೇ ಬಳಸು ಎಂಬರ್ಥದ ಒಂದು ಚೌಕವಿದೆ. ನೀವಾಗಿ ಟಿಕ್ ಮಾಡಬೇಕು.

ಪ್ರೀಮಿಯರ್ ತಂತ್ರಾಂಶದಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ 'ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿ' ಎಂಬ ಚೌಕ ಇದೆಯಲ್ಲ, ಅದರ ಕತೆ ಇನ್ನೂ ಸ್ವಾರಸ್ಯ. ಗ್ರಾಫಿಕ್ಸ್ ಕಾರ್ಡಿನ ನೆರವಿರುವ ಯಂತ್ರದಲ್ಲಿ ಆ ಟಿಕ್ ಇದ್ದರೂ ಬಿಟ್ಟರೂ ಅಳತೆ ಬದಲಿಸುವ ಕೆಲಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ, ಕಾರ್ಡು ಹೇಗೂ ಒಳ್ಳೆಯ ಗಣಿತವನ್ನೇ ಬಳಸುತ್ತದೆ. ಕಾರ್ಡಿಲ್ಲದೆ ಬರೀ ಪ್ರೊಸೆಸರಿನ ಮೇಲೆ ಓಡುವ ಯಂತ್ರದಲ್ಲಿ ಮಾತ್ರ ಅದು ಎದ್ದು ಕಾಣುತ್ತದೆ. ಅಂದರೆ ಮೇಲ್ಮಟ್ಟದ ಯಂತ್ರ ಇಟ್ಟವನಿಗೆ ಕೇಳದೆಯೇ ಸಿಕ್ಕುವುದನ್ನು ಹಳೇ ಡಬ್ಬ ಇಟ್ಟುಕೊಂಡವನು ಕೇಳಿ ಪಡೆಯಬೇಕು. ಕೇಳುವ ಜಾಗ ಎಲ್ಲಿದೆ ಎಂಬುದು ಅವನಿಗೇ ಗೊತ್ತಿರುವ ಸಂಭವ ಕಡಿಮೆ.

ಲೋಗೋ ಒಂದರ ಉದಾಹರಣೆ ನೋಡಿ. ಇಲಸ್ಟ್ರೇಟರಿನಲ್ಲಿ ಮಾಡಿದ ಲೋಗೋ ಗೆರೆಗಳ ಲೆಕ್ಕ, ಅದನ್ನು ಬಸ್ಸಿನಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿಯೇ ಇರುತ್ತದೆ. ಅದನ್ನೇ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶಕ್ಕೆ ತಂದು ನಾಲ್ಕು ಪಟ್ಟು ಹಿಗ್ಗಿಸಿ, ಅಂಚು ನೆನೆದ ಅವಲಕ್ಕಿಯಾಗುತ್ತದೆ. ಲೇಯರಿನ ಪಕ್ಕದಲ್ಲಿ ಸಾಸಿವೆಕಾಳಿನಷ್ಟು ಒಂದು ಸೂರ್ಯನ ಚಿತ್ರವಿದೆ. ಅದನ್ನು ಒತ್ತಿದರೆ ಲೋಗೋ ಮತ್ತೆ ಚೂಪಾಗುತ್ತದೆ. ಸೂರ್ಯ ಹುಟ್ಟುವಾಗಲೇ ಆರಿರುತ್ತಾನೆ. ಅದೇ ತಂತ್ರಾಂಶದಲ್ಲಿ ಹೊಸ ಪ್ರಾಜೆಕ್ಟ್ ಶುರುವಾಗುವುದು 8 ಬಿಟ್ ಬಣ್ಣದಲ್ಲಿ, ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ಮುಸ್ಸಂಜೆಯ ಆಕಾಶದ ಹಾಗೆ ಕತ್ತಲಿಂದ ತುಸು ಬೆಳಕಿಗೆ ಜಾರುವ ಹಿನ್ನೆಲೆ ಮಾಡಿ ನೋಡಿ. ಆ ಜಾರು 30 ಮೆಟ್ಟಿಲಿನಷ್ಟಿದ್ದರೆ 1920 ಪಿಕ್ಸೆಲ್ ಅಗಲದಲ್ಲಿ ಒಂದೊಂದು ಮೆಟ್ಟಿಲೂ 64 ಪಿಕ್ಸೆಲ್ ಪಟ್ಟಿಯಾಗುತ್ತದೆ. ಆಕಾಶ ಹೋಗಿ ಇಳಕಲ್ ಸೀರೆಯ ದಡಿ ಬರುತ್ತದೆ. ಅದನ್ನು ನೋಡಿದವರು ಟಿವಿ ಹಾಳಾಗಿದೆ ಎನ್ನುತ್ತಾರೆ.

ಇಷ್ಟೆಲ್ಲ ಯಾವ ನಾಡಿನ ಎಡಿಟರಿಗೂ ಬರುವ ಪಾಡು. ಕನ್ನಡದಲ್ಲಿ ಕೆಲಸ ಮಾಡುವವನ ಪಾಡು ಇದರ ಮೇಲಿನ ಬರೆ. ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್ ಎರಡರ ಪ್ರಿಫರೆನ್ಸಿನಲ್ಲೂ ಕಂಪನಿಯವರು ಅಕ್ಷರ ಜೋಡಿಸಲು 'ಟೆಕ್ಸ್ಟ್ ಎಂಜಿನ್' ಎಂದು ಎರಡು ಆಯ್ಕೆ ಇಟ್ಟರು. ಪ್ರೀಮಿಯರಿನಲ್ಲಿ ಒಂದರ ಹೆಸರು ಯುರೋಪ್ ಮತ್ತು ಪೂರ್ವ ಏಷ್ಯಾ, ಇನ್ನೊಂದರದು ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ. ಡಿಫಾಲ್ಟ್ ಯಾವುದೆಂದು ಕೇಳಬೇಕೇ? ಮೊದಲನೆಯದು. ಅದರಲ್ಲಿ 'ಕರ್ನಾಟಕ' ಎಂದು ಟೈಪ್ ಮಾಡಿದರೆ ಅರ್ಕಾವೊತ್ತು ಹಾರಿಹೋಗಿ 'ಕರ್‌ನಾಟಕ' ಎಂದು ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. 'ರಾಷ್ಟ್ರ'ದ ಒತ್ತುಗಳು ಕೆಳಗೆ ಇಳಿಯದೆ 'ರಾಷ್‌ಟ್‌ರ' ಎಂದು ಸಾಲಾಗಿ ಕೂರುತ್ತಿದ್ದವು, ಬಸ್ಸಿನಲ್ಲಿ ಸೀಟು ಸಿಕ್ಕದವರ ಹಾಗೆ. ರಾಜ್ಯೋತ್ಸವದ ಶುಭಾಶಯದ ವಿಡಿಯೊದಲ್ಲಿ ರಾಜ್ಯದ ಹೆಸರೇ ಮುರಿದು ಬಿದ್ದಿರುವುದನ್ನು ನೋಡಿರುತ್ತೀರಿ. ನೋಡಿದವರು ಏನೆನ್ನುತ್ತಾರೆ? "ಕನ್ನಡ ಬರದವರು ಮಾಡಿದ್ದು." ಮಾಡಿದ ಹುಡುಗ ಕನ್ನಡದವನೇ, ಕಾಗುಣಿತ ಸರಿಯಾಗಿಯೇ ಟೈಪ್ ಮಾಡಿದ್ದಾನೆ. ಮುರಿದದ್ದು ಎಂಜಿನ್ನು.

ಇದು ತಂತ್ರಜ್ಞಾನಕ್ಕೆ ಆಗದ ಕೆಲಸವೇನೂ ಆಗಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ 'ತುಂಗಾ' ಅಕ್ಷರಗಳಿದ್ದವು, ಒತ್ತು ತನ್ನ ಜಾಗದಲ್ಲಿ ಕೂರುತ್ತಿತ್ತು. ನೋಟ್‌ಪ್ಯಾಡಿನಲ್ಲಿ ಸರಿ ಬರುವ ಕನ್ನಡ ಸಾವಿರಾರು ರೂಪಾಯಿ ಚಂದಾ ಕಟ್ಟುವ ತಂತ್ರಾಂಶದಲ್ಲಿ ಬರುತ್ತಿರಲಿಲ್ಲ! ಹಾಗಾಗಿಯೇ ನಮ್ಮ ಎಡಿಟರುಗಳು ವರ್ಷಗಟ್ಟಲೆ ನುಡಿ, ಬರಹ, ಶ್ರೀಲಿಪಿಗಳ ಆಸ್ಕಿ ಅಕ್ಷರಗಳಿಗೆ ಅಂಟಿಕೊಂಡರು. ಅಲ್ಲಿ ಕಂಪ್ಯೂಟರಿನ ಕಣ್ಣಿಗೆ ಅದು ಇಂಗ್ಲಿಷ್ ಅಕ್ಷರ, ಮುಖವಾಡ ಮಾತ್ರ ಕನ್ನಡದ್ದು. ಎಂಜಿನ್ನಿಗೆ ಕನ್ನಡ ಬರಬೇಕಾದ ಪ್ರಮೇಯವೇ ಇಲ್ಲ. ಇನ್ನು ಕೆಲವರು ಅಕ್ಷರವನ್ನು ಬೇರೆಲ್ಲೋ ಬರೆದು, ಪಿಎನ್‌ಜಿ ಚಿತ್ರ ಮಾಡಿಕೊಂಡು ಟೈಮ್‌ಲೈನಿಗೆ ತಂದರು. ಚಿತ್ರವಾದ ಮೇಲೆ ಅದಕ್ಕೂ ನಮ್ಮಜ್ಜಿಯ ಫೋಟೊದ ಗತಿಯೇ. ಕುಗ್ಗಿಸಿ ಹಿಗ್ಗಿಸುವ ಆಟದಲ್ಲಿ ಮೊದಲು ಸಾಯುವುದು ಒತ್ತಕ್ಷರ. ಮೇಲಿನ ಅಕ್ಷರದ ಅರ್ಧದಷ್ಟೂ ಎತ್ತರವಿರದ, ಕೂದಲೆಳೆಯ ಗೆರೆಯ ರಕಾರದ ಒತ್ತು ಮಸುಕಾದರೆ ಏನುಳಿಯುತ್ತದೆ? ಇಂಗ್ಲಿಷಿನ ದಪ್ಪ ಅಕ್ಷರಕ್ಕೆ ತಡೆದುಕೊಳ್ಳುವಷ್ಟು ಮೈಯಿದೆ. 'ಸ್ತ್ರೀ'ಗೆ ಇಲ್ಲ. ಫೋಟೋಶಾಪಿನಲ್ಲೂ ಹಿಂದೆ ಇದೇ ಇಬ್ಬಗೆಯಿತ್ತು. ಆಮೇಲೆ ಅದೇ ಕಂಪನಿಯವರೇ ಎಲ್ಲ ಲಿಪಿಗೂ ಒಂದೇ ಎಂಜಿನ್ ಮಾಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಇಂಥ ಆಯ್ಕೆಗಳನ್ನು ಒಳಗೆ ಹುದುಗಿಸಿಡುವುದಕ್ಕೆ ತಿಳಿದವರು ಒಂದು ಉತ್ತರ ಇಟ್ಟುಕೊಂಡಿರುತ್ತಾರೆ: ಎಲ್ಲವನ್ನೂ ಮುಂದೆ ತಂದು ಕೇಳಿದರೆ ಹೊಸಬರು ಕಂಗಾಲಾಗುತ್ತಾರೆ, ಅದಕ್ಕೇ ಅಡಗಿಸಿಡುವುದು. ಕೇಳಲು ಹಿತವಾಗಿದೆ. ಆದರೆ ಚೌಕಟ್ಟಿಗೆ ಹೊಂದದ ಕ್ಲಿಪ್ಪೊಂದನ್ನು ಖಾಲಿ ಟೈಮ್‌ಲೈನಿಗೆ ಎಳೆದರೆ ಪ್ರೀಮಿಯರ್ ತಟ್ಟನೆ ತಡೆದು, ಸೆಟ್ಟಿಂಗ್ ಬದಲಿಸಲೇ ಎಂದು ಕೇಳುತ್ತದೆ. ರಿಸಾಲ್ವ್ ಕೂಡ ಮೊದಲ ಕ್ಲಿಪ್ಪಿನ ಫ್ರೇಮ್ ರೇಟ್ ಬೇರೆಯಾಗಿದ್ದರೆ ಕೇಳುತ್ತದೆ. ಅದರ ಡಿಫಾಲ್ಟ್ ಸೆಕೆಂಡಿಗೆ 24 ಫ್ರೇಮು, ನಮ್ಮ ಫೋನುಗಳು ತೆಗೆಯುವುದು 30. ಕೇಳದೆ ಹೋದರೆ ಐದರಲ್ಲಿ ಒಂದು ಫ್ರೇಮ್ ಬಿದ್ದುಹೋಗಿ ತೇರು ಎಳೆಯುವ ದೃಶ್ಯ ಕುಂಟುತ್ತದೆ. ಹಾಗೆ ಕೇಳಿದ್ದಕ್ಕೆ ಯಾವ ಹೊಸಬನೂ ಮೂರ್ಛೆ ಹೋಗಿಲ್ಲ. ಅಂದ ಮೇಲೆ ಕೇಳುವ ಬಾಯಿ ಈ ತಂತ್ರಾಂಶಗಳಿಗೆ ಇದೆ. 3600 ಪಿಕ್ಸೆಲ್ ಎತ್ತರದ ಫೋಟೊವನ್ನು 1080ಕ್ಕೆ ಇಳಿಸಿ ಅದರ ಮೇಲೆ ಜೂಮ್ ಹಾಕುವವನಿಗೆ "ಮೂಲದಲ್ಲಿ ಇನ್ನೂ ಇದೆ, ತೆಗೆದುಕೊಳ್ಳಲೇ?" ಎಂದು ಒಂದು ಸಾಲು ಕೇಳಲು ಏನಡ್ಡಿ? ದರ್ಶಿನಿಯಲ್ಲಿ ಕಾಫಿಗೆ ಸಕ್ಕರೆ ಹಾಕಿಯೇ ಕೊಡುತ್ತಾರೆ, ಅದೂ ಡಿಫಾಲ್ಟೇ. ಆದರೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ, ನಾಳೆಯಿಂದ "ಶುಗರ್‌ಲೆಸ್" ಎನ್ನುತ್ತೇವೆ. ನಮ್ಮ ಕಸುಬಿನಲ್ಲಿ ಗುಟುಕು ಕುಡಿಯುವವನು ಗಿರಾಕಿ, ಅದೂ ಹಣ ಕೊಟ್ಟಾದ ಮೇಲೆ.

"ಕಸುಬುದಾರನಿಗೆ ಇದೆಲ್ಲ ಗೊತ್ತಿರಬೇಕು" ಎಂಬುದು ಇನ್ನೊಂದು ವಾದ. ಒಪ್ಪಿದೆ. ನನಗೆ ಗೊತ್ತಿರಬೇಕಿತ್ತು, ಅಜ್ಜಿಯ ಮೂಗುಬೊಟ್ಟಿನ ವಿಷಯದಲ್ಲಿ ನಾನು ಅಪರಾಧಿಯೇ. ಆದರೆ ಹನ್ನೆರಡು ವರ್ಷ ಈ ಕೆಲಸ ಮಾಡಿದವನಿಗೇ ಸಿಕ್ಕದೆ ಹೋದದ್ದು ಮೂರು ತಿಂಗಳ ಕೋರ್ಸಿನ ಹುಡುಗನಿಗೆ ಸಿಕ್ಕಬೇಕು ಎನ್ನುವುದು ಯಾವ ನ್ಯಾಯ? ಆ ಕೋರ್ಸುಗಳಲ್ಲಾದರೂ ಏನು ಕಲಿಸುತ್ತಾರೆ? ಗುಲಾಬಿ ಎಸಳು ಉದುರುವ ಟೆಂಪ್ಲೇಟು, ಪುಟ ಮಗುಚುವ ಟ್ರಾನ್ಸಿಶನ್ನು. ಪ್ರಿಫರೆನ್ಸ್ ಕಿಟಕಿ ತೆರೆದು ಒಂದು ದಿನ ಪಾಠ ಮಾಡಿದವರನ್ನು ನಾನು ಕಂಡಿಲ್ಲ. ಕ್ಲಾರಿಟಿ ಇಲ್ಲ ಎಂಬ ಒಂದೇ ದೂರಿಗೆ ಹೆದರಿ ಕಂತಿನ ಮೇಲೆ ಎರಡನೇ ಕ್ಯಾಮೆರಾ ಕೊಂಡವರನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ. ಮೊದಲ ಕ್ಯಾಮೆರಾದ ಕಂತು ತೀರಿರುವುದಿಲ್ಲ.

"ಹೇಗೂ ಯೂಟ್ಯೂಬು, ವಾಟ್ಸ್ಆ್ಯಪ್ಪು ಎಲ್ಲ ಕೆಡಿಸುತ್ತವಲ್ಲ, ನೀನೇಕೆ ಒದ್ದಾಡುತ್ತೀಯ" ಎನ್ನುವ ಸಿನಿಕರಿಗೆ ಹೆಚ್ಚು ಮಾತು ಬೇಡ. ಯೂಟ್ಯೂಬ್ ಎಲ್ಲವನ್ನೂ ಮತ್ತೆ ಹಿಂಡುತ್ತದೆ, ನಿಜ. ಜೆರಾಕ್ಸಿನ ಜೆರಾಕ್ಸ್ ತೆಗೆಯುವಾಗ ಮೊದಲ ಪ್ರತಿ ಚೆನ್ನಾಗಿರಬೇಕು ಎಂದು ತಾಲೂಕು ಕಚೇರಿಗೆ ಒಮ್ಮೆ ಹೋಗಿಬಂದವರಿಗೆಲ್ಲ ಗೊತ್ತು. ವಾಟ್ಸ್ಆ್ಯಪ್ 2023ರಲ್ಲಿ ಎಚ್‌ಡಿ ಕಳಿಸುವ ಸೌಲಭ್ಯ ತಂದಿತು, ಅಲ್ಲೂ ಎಚ್‌ಡಿ ಎಂಬುದನ್ನು ನಾವೇ ಒತ್ತಬೇಕಾಗಿತ್ತು.

ನಷ್ಟವೆಲ್ಲ ಮೋಸ ಎಂದೂ ನಾನು ಹೇಳುವುದಿಲ್ಲ. ನಾವು ನೋಡುವ ಬಹುಪಾಲು ವಿಡಿಯೊದಲ್ಲಿ ಬೆಳಕಿನ ವಿವರ ಪೂರ್ತಿ ಇದ್ದು, ಬಣ್ಣದ ವಿವರ ಅದರ ಕಾಲು ಭಾಗವಷ್ಟೇ ಇರುತ್ತದೆ. ಟಿವಿ ಪ್ರಸಾರ, ಬ್ಲೂ-ರೇ ಡಿಸ್ಕ್ ಎಲ್ಲ ಹೀಗೇ. ನೀಲಿಯ ಮೇಲೆ ಕೆಂಪು ಅಕ್ಷರ ಬರೆದರೆ ಅಂಚು ಕದಡುವುದು ಅದಕ್ಕೇ, ಎರಡೂ ಕಡುಬಣ್ಣ. ಹಳದಿಯ ಮೇಲಿನ ಕೆಂಪು ಬಚಾವಾಗುತ್ತದೆ, ಹಳದಿಗೆ ಬೆಳಕು ಹೆಚ್ಚು. (ನಮ್ಮ ಕನ್ನಡ ಬಾವುಟಕ್ಕೆ ಬಣ್ಣ ಆರಿಸಿದವರಿಗೆ ಇದು ಗೊತ್ತಿರಲಿಲ್ಲ, ಆದರೂ ನಮ್ಮ ಪುಣ್ಯ.) ಅದು ಎಲ್ಲರೂ ಒಪ್ಪಿ, ಬರೆದು, ಪ್ರಕಟಿಸಿ ಮಾಡಿಕೊಂಡ ರಾಜಿ. ನಾನು ಜಗಳ ತೆಗೆದಿರುವುದು ಹೇಳದೆ ಕೇಳದೆ ಮಾಡುವ ರಾಜಿಯ ಮೇಲೆ.

ಜಗಳ ತೆಗೆದರೆ ಏನೂ ಆಗುವುದಿಲ್ಲ ಎನ್ನುವವರು ಟಿವಿಗಳ ಕತೆ ನೆನಪಿಸಿಕೊಳ್ಳಲಿ. ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಒಂದು ಸೌಲಭ್ಯ ಕಾರ್ಖಾನೆಯಿಂದಲೇ ಚಾಲೂ ಆಗಿ ಬರುತ್ತಿತ್ತು. ಕ್ರಿಕೆಟ್ಟಿಗೆ ಅದು ಸೊಗಸು, ಸಿನಿಮಾಕ್ಕೆ ಹಾಕಿದರೆ ಅಗ್ಗದ ಧಾರಾವಾಹಿಯ ಕಳೆ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೊಫರ್ ಮ್ಯಾಕ್ವಾರಿ ಕ್ಯಾಮೆರಾ ಮುಂದೆ ನಿಂತು, ದಯವಿಟ್ಟು ಅದನ್ನು ಆರಿಸಿ ಎಂದು ಜನರನ್ನು ಬೇಡಿಕೊಂಡರು. ಕೋಟಿಗಟ್ಟಲೆ ಸುರಿದು ಸಿನಿಮಾ ಮಾಡುವವರೂ ಒಂದು ಡಿಫಾಲ್ಟಿನ ಮುಂದೆ ಕೈಮುಗಿದು ನಿಲ್ಲಬೇಕಾಯಿತು ನೋಡಿ. ಇನ್ನೂ ಹಲವು ನಿರ್ದೇಶಕರು ದನಿ ಸೇರಿಸಿದ್ದರು. 2019ರ ಆಗಸ್ಟಿನಲ್ಲಿ ಯುಎಚ್‌ಡಿ ಅಲೈಯನ್ಸ್ ಎಂಬ ಉದ್ಯಮದ ಒಕ್ಕೂಟ 'ಫಿಲ್ಮ್‌ಮೇಕರ್ ಮೋಡ್' ಎಂಬುದನ್ನು ಘೋಷಿಸಿತು. ಒಂದೇ ಆಯ್ಕೆಯಲ್ಲಿ ಆ ನುಣುಪಿನಾಟವೆಲ್ಲ ಬಂದ್. ನಮ್ಮ ತಂತ್ರಾಂಶಗಳಲ್ಲೂ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಅಂಥದೊಂದು ಗುಂಡಿ ಯಾಕಿರಬಾರದು? ಯಾವ ಚಿತ್ರ ಎಷ್ಟು ಕುಗ್ಗಿದೆ, ಯಾವ ಅಕ್ಷರಕ್ಕೆ ಯಾವ ಎಂಜಿನ್, ಅಳತೆ ಬದಲಿಸಲು ಯಾವ ಗಣಿತ, ಇಷ್ಟನ್ನು ಬಸ್ ಟಿಕೆಟಿನಷ್ಟು ಉದ್ದದ ಪಟ್ಟಿಯಲ್ಲಿ ತೋರಿಸಿಬಿಡಲಿ. ಓದುವುದು ಬಿಡುವುದು ನಮಗೆ ಸೇರಿದ್ದು.

ಅಜ್ಜಿಯ ವಿಡಿಯೊ ಮತ್ತೆ ಮಾಡಿದೆ. ಅದೇ ಸ್ಕ್ಯಾನು, ಅದೇ ಲ್ಯಾಪ್‌ಟಾಪು. ಬದಲಿಸಿದ್ದು ಒಂದು ಸೆಟ್ಟಿಂಗು. ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ಮಾವನ ಮನೆಯ ಟಿವಿಗೆ ಪೆನ್‌ಡ್ರೈವ್ ಚುಚ್ಚಿದೆ. ಕೊನೆಯ ಫೋಟೊ ಬಂತು, ಮುಖದ ಹತ್ತಿರ ಸರಿಯಿತು, ಹಾಡು ನಿಂತಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಎದ್ದು ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ಹರಳು ಎಣಿಸಿದಳು. ಏಳಕ್ಕೆ ಏಳೂ ಇದ್ದವು. ಮಾವ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು. "ನಾನು ಅವತ್ತೇ ಹೇಳ್ಲಿಲ್ವಾ? ಹೊಸ ಲ್ಯಾಪ್‌ಟಾಪ್ ತಗೊಂಡ್ರೆ ತಾನಾಗೇ ಕ್ಲಾರಿಟಿ ಬರುತ್ತೆ ಅಂತ. ಎಷ್ಟು ಬಿತ್ತೋ?"